ಅಮೆರಿಕದ ಮೂಕಿ ಚಿತ್ರಗಳ ಚರಿತ್ರೆ: ಇಲ್ಲೇ ಕೂತು ಬರೆಯುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ಮೂಕಿ ಚಿತ್ರಗಳ ಕಾಲದ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯುವ ಯೋಚನೆ ಇದೆ. ಇಂಟರ್‌ನೆಟ್ಟಿನಲ್ಲಿ ಮಾಹಿತಿ ಬೇಕಾದಷ್ಟಿದೆ. ಆದರೆ ಒಂದೇ ಚಿತ್ರಕ್ಕೆ ಮೂರು ಬಿಡುಗಡೆ ತಾರೀಖು, ಮೂರು ಅವಧಿ ಸಿಗುತ್ತವೆ. ಅಮೆರಿಕಕ್ಕೆ ಹೋಗಿ ಬರುವ ಅನುಕೂಲ ನನಗಿಲ್ಲ. ಮೂಲ ಆಕರಗಳನ್ನೇ ನೋಡಿ ಬರೆಯಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ, ಯಾವುದನ್ನು ನಂಬಲಿ?

ಉತ್ತರ: ಸಾಧ್ಯ. ಹಾಗೆ ನೋಡಿದರೆ 1950ರ ದಶಕದ ಹಾಲಿವುಡ್ ಬಗ್ಗೆ ಇಲ್ಲಿಂದ ಬರೆಯುವುದಕ್ಕಿಂತ 1910ರ ದಶಕದ ಬಗ್ಗೆ ಬರೆಯುವುದೇ ಸುಲಭ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪ್ರಕಟಣೆಗಳಿಗೆ ಹಕ್ಕುಸ್ವಾಮ್ಯ ಇರುವುದು 95 ವರ್ಷ. ಅದು ಮುಗಿದಿರುವುದರಿಂದ ಅಂದಿನ ಸಿನಿಮಾ ಪತ್ರಿಕೆಗಳನ್ನು ಪುಟಪುಟವೂ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಿಮಗೆ ಕಷ್ಟವಾಗುವುದು ಆಕರದ ಕೊರತೆಯಿಂದಲ್ಲ, ವಿಷಯದ ಅಗಲದಿಂದ. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಿ ಚಿತ್ರಗಳೇ 10,919. ಒಂದು ರೀಲು, ಎರಡು ರೀಲಿನ ಕಿರುಚಿತ್ರಗಳು ಈ ಲೆಕ್ಕದಲ್ಲಿಲ್ಲ. ಇಷ್ಟನ್ನೂ ಒಂದು ಪುಸ್ತಕಕ್ಕೆ ತುಂಬಲು ಹೋದರೆ, ಈಗಾಗಲೇ ಇಂಗ್ಲಿಷಿನಲ್ಲಿರುವ ನಾಲ್ಕು ಪುಸ್ತಕಗಳ ಸಾರಾಂಶ ಬರೆದು ಮುಗಿಸಬೇಕಾಗುತ್ತದೆ. ಒಂದು ಕಂಪನಿಯ ಮೂರು ವರ್ಷ, ಒಂದು ಊರಿನ ಚಿತ್ರಮಂದಿರಗಳು, ಒಂದು ಮೊಕದ್ದಮೆ, ಒಬ್ಬ ನಿರ್ದೇಶಕಿ, ಹೀಗೆ ಕೈಗೆ ಸಿಗುವಷ್ಟನ್ನು ಹಿಡಿಯಿರಿ. ದೊಡ್ಡ ಮಾತು ಹೇಳಲು ಅಷ್ಟರಲ್ಲೇ ಜಾಗ ಸಿಗುತ್ತದೆ.

ವಿಷಯ ಗಟ್ಟಿಮಾಡುವ ಮೊದಲು ಅದಕ್ಕೆ ಸಂಬಂಧಪಟ್ಟ ಚಿತ್ರಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡಿ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನ್ನಬಹುದಾದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಆ 10,919ರಲ್ಲಿ ಮೂಲ 35 ಎಂ.ಎಂ. ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು 1,575, ಅಂದರೆ ಶೇ. 14. ಇನ್ನೊಂದು ಶೇ. 11ರಷ್ಟು ಹೊರದೇಶಗಳ ಆವೃತ್ತಿಯಾಗಿಯೋ 16 ಎಂ.ಎಂ.ನಂಥ ಕಿರಿದಾದ, ಮಂಕಾದ ಪ್ರತಿಯಾಗಿಯೋ ಉಳಿದಿವೆ. ಸುಮಾರು ಶೇ. 70 ಹೋಗಿಯೇ ಹೋಗಿವೆ. ಯಾವ ಚಿತ್ರ ಯಾವ ಸಂಗ್ರಹದಲ್ಲಿದೆ, ಎಷ್ಟು ರೀಲು ಇದೆ ಎಂಬ ಪಟ್ಟಿಯನ್ನೂ ಲೈಬ್ರರಿ ತನ್ನ ತಾಣದಲ್ಲಿ ಹಾಕಿದೆ. ಆ ಕಾಲದಲ್ಲಿ ಬಳಸುತ್ತಿದ್ದ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳದಿದ್ದರೂ ವರ್ಷ ಕಳೆದಂತೆ ಮೊದಲು ಅಂಟಾಗಿ, ಆಮೇಲೆ ಪುಡಿಯಾಗುತ್ತದೆ. ಟಾಕಿ ಬಂದ ಮೇಲೆ ಹಳೆಯ ಪ್ರಿಂಟುಗಳಿಗೆ ಇದ್ದ ಬೆಲೆ ಅವುಗಳಲ್ಲಿದ್ದ ಬೆಳ್ಳಿಯದು ಮಾತ್ರ. 1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಮೂಕಿ ಚಿತ್ರಗಳ ನೆಗೆಟಿವ್‌ಗಳೆಲ್ಲ ಹೆಚ್ಚುಕಡಿಮೆ ಬೂದಿಯಾದವು. ಇನ್ನೊಂದು ದೊಡ್ಡ ಕಂಪನಿ ಎಂಜಿಎಂನ ಚಿತ್ರಗಳು ಇದಕ್ಕೆ ಹೋಲಿಸಿದರೆ ಚೆನ್ನಾಗಿಯೇ ಉಳಿದಿವೆ. ಹಾಗಾಗಿ ಉಳಿದ ಚಿತ್ರಗಳನ್ನು ನೋಡಿ ಮಾತ್ರ ಚರಿತ್ರೆ ಬರೆದರೆ ಎಂಜಿಎಂ ತನ್ನ ಪಾಲಿಗಿಂತ ದೊಡ್ಡದಾಗಿ ಕಾಣುತ್ತದೆ, ಫಾಕ್ಸ್ ಚಿಕ್ಕದಾಗುತ್ತದೆ.

ಇದರರ್ಥ, ನೀವು ಬರೆಯುವುದರಲ್ಲಿ ಹೆಚ್ಚಿನ ಪಾಲು ಯಾರೂ ನೋಡಲಾಗದ ಚಿತ್ರಗಳ ಬಗ್ಗೆ, ಕಾಗದದ ಆಧಾರದಿಂದ. ಆ ಕಾಗದಗಳಲ್ಲಿ ಯಾವುದನ್ನೂ ನಿಮಗೆ ಚರಿತ್ರೆ ಒದಗಿಸಲೆಂದು ಬರೆದಿಲ್ಲ. ಒಂದನ್ನು ಚಿತ್ರ ಮಾರಲು ಬರೆದರು, ಒಂದನ್ನು ಹಕ್ಕು ದಾಖಲಿಸಲು, ಒಂದನ್ನು ಮೊಕದ್ದಮೆ ಗೆಲ್ಲಲು. ಯಾವ ಕಾಗದ ಏತಕ್ಕೆ ಹುಟ್ಟಿತು ಎಂದು ಗೊತ್ತಾದರೆ ಅದು ಯಾವ ವಿಷಯದಲ್ಲಿ ನಂಬಿಕೆಗೆ ಅರ್ಹ, ಯಾವುದರಲ್ಲಿ ಅಲ್ಲ ಎಂಬುದೂ ಗೊತ್ತಾಗುತ್ತದೆ. ಮೂರು ತಾರೀಖುಗಳ ನಿಮ್ಮ ಗೊಂದಲಕ್ಕೂ ಇದೇ ಉತ್ತರ.

ಮೊದಲು ಉದ್ಯಮದ ಪತ್ರಿಕೆಗಳನ್ನು ತೆಗೆದುಕೊಳ್ಳೋಣ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಎಂಬ ಉಚಿತ ಸಂಗ್ರಹದಲ್ಲಿ 1907ರಲ್ಲಿ ಶುರುವಾದ ಮೂವಿಂಗ್ ಪಿಕ್ಚರ್ ವರ್ಲ್ಡ್, ಮೋಷನ್ ಪಿಕ್ಚರ್ ನ್ಯೂಸ್, ಎಕ್ಸಿಬಿಟರ್ಸ್ ಹೆರಾಲ್ಡ್, ಫಿಲ್ಮ್ ಡೈಲಿ, ಫೋಟೋಪ್ಲೇ, ವೆರೈಟಿ ಎಲ್ಲವೂ ಇವೆ. ಅದರೊಳಗೆ ಹುಡುಕಲು ಲ್ಯಾಂಟರ್ನ್ ಎಂಬ ಸಾಧನವಿದೆ. ಹುಡುಕಾಟ ಕೈಕೊಡುವ ಜಾಗಗಳನ್ನು ತಿಳಿದಿರಬೇಕು. ಸ್ಕ್ಯಾನ್ ಆದ ಪುಟವನ್ನು ಯಂತ್ರ ಓದಿ ಅಕ್ಷರ ಮಾಡುತ್ತದೆ. ಮೂರು ಕಾಲಮ್ಮಿನ ಪುಟದಲ್ಲಿ ಅದು ಕೆಲವೊಮ್ಮೆ ಒಂದು ಕಾಲಮ್ಮಿನ ಸಾಲಿಗೆ ಪಕ್ಕದ ಕಾಲಮ್ಮಿನ ಸಾಲನ್ನು ಅಂಟಿಸುತ್ತದೆ. ಸಾಲಿನ ಕೊನೆಯಲ್ಲಿ ಹೆಸರು ಎರಡು ತುಂಡಾಗಿದ್ದರೆ ಹುಡುಕಿದಾಗ ಸಿಗುವುದೇ ಇಲ್ಲ. ಆದ್ದರಿಂದ ‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ. ಚಿತ್ರದ ಹೆಸರು ಸಿಗದಿದ್ದರೆ ನಟಿಯ ಹೆಸರು, ಅದೂ ಇಲ್ಲದಿದ್ದರೆ ಕಂಪನಿ ಮತ್ತು ವರ್ಷ ಕೊಟ್ಟು ನೋಡಿ. ‘ದಿ ಚೀಟ್’ನಂಥ ದಿನಬಳಕೆಯ ಪದವೇ ಶೀರ್ಷಿಕೆಯಾದರೆ ಸಾವಿರಾರು ಪುಟ ಬಂದು ಬೀಳುತ್ತವೆ, ಆಗ ನಟ ಸೆಸ್ಸೂ ಹಯಾಕಾವಾ ಹೆಸರನ್ನು ಜೊತೆಗೆ ಸೇರಿಸಿ 1915–16ಕ್ಕೆ ಮಿತಿಗೊಳಿಸಬೇಕು. ಸಿಕ್ಕಿದ ಪುಟವನ್ನು ತುಣುಕಾಗಿ ಓದಿ ಬಿಡಬೇಡಿ. ಇಡೀ ಸಂಚಿಕೆ ತೆರೆದು ಹಿಂದಿನ ಮುಂದಿನ ಹತ್ತು ಪುಟ ತಿರುವಿ. ಅದೇ ಕಂಪನಿಯ ಪೂರ್ಣಪುಟದ ಜಾಹೀರಾತು ನಾಲ್ಕು ಪುಟದಾಚೆ ಕಂಡರೆ ವಿಮರ್ಶೆ ಯಾಕೆ ಅಷ್ಟು ಸಿಹಿಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈ ಪತ್ರಿಕೆಗಳ ಸುದ್ದಿಯಲ್ಲಿ ದೊಡ್ಡ ಪಾಲು ಕಂಪನಿಗಳ ಪ್ರಚಾರ ವಿಭಾಗ ಟೈಪು ಮಾಡಿ ಕಳಿಸಿದ್ದು. ಒಂದೇ ವಾರ ಮೂರು ಪತ್ರಿಕೆಗಳಲ್ಲಿ ಒಂದೇ ಸಂಗತಿ ಕಂಡಾಗ ಮೂರು ಸಾಕ್ಷಿ ಸಿಕ್ಕವೆಂದು ಹಿಗ್ಗಬೇಡಿ. ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪದಕ್ಕೆ ಪದ ಹೊಂದಿದರೆ ಸಾಕ್ಷಿ ಒಂದೇ, ಅದೂ ಮಾರುವವನದು. ವಿಮರ್ಶೆಗೆ ವೆರೈಟಿ ಸಾಮಾನ್ಯವಾಗಿ ಖಾರ. 1919ರಲ್ಲಿ ಶುರುವಾದ ಹ್ಯಾರಿಸನ್ಸ್ ರಿಪೋರ್ಟ್ಸ್ ಸಿನಿಮಾ ಜಾಹೀರಾತು ತೆಗೆದುಕೊಳ್ಳುತ್ತಲೇ ಇರಲಿಲ್ಲವಾದ್ದರಿಂದ ಚಿತ್ರಮಂದಿರದ ಮಾಲೀಕರ ಪರವಾಗಿ ಮಾತಾಡುತ್ತದೆ. ಆದರೆ ಎಲ್ಲಕ್ಕಿಂತ ರುಚಿಯಾದದ್ದು ಎಕ್ಸಿಬಿಟರ್ಸ್ ಹೆರಾಲ್ಡ್‌ನಲ್ಲಿ ಮಾಲೀಕರೇ ಬರೆದ ಪತ್ರಗಳ ಅಂಕಣ. ಯಾವ ಚಿತ್ರ ಹಾಕಿದೆ, ಜನ ಬಂದರೇ, ಬೈದರೇ, ಪ್ರಿಂಟು ಎಷ್ಟು ಹರಿದಿತ್ತು ಎಂದು ಊರು, ಟಾಕೀಸಿನ ಹೆಸರಿನ ಸಮೇತ ಎರಡೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ಒಂದು ಎಚ್ಚರ: ಹೀಗೆ ಬರೆಯುತ್ತಿದ್ದವರು ಬಹುಪಾಲು ಸಣ್ಣ ಊರಿನವರು. ನ್ಯೂಯಾರ್ಕಿನ ಬ್ರಾಡ್‌ವೇಯ ದೊಡ್ಡ ಚಿತ್ರಮಂದಿರಗಳ ಪ್ರೇಕ್ಷಕರು ಹೇಗಿದ್ದರೆಂಬುದಕ್ಕೆ ಈ ಅಂಕಣ ಆಧಾರವಾಗದು.

ಈಗ ತಾರೀಖು. ಒಂದು ಚಿತ್ರಕ್ಕೆ ಹಕ್ಕು ನೋಂದಾಯಿಸಿದ ದಿನ, ಮೊದಲ ಪ್ರದರ್ಶನದ ದಿನ, ವಿತರಕ ಗೊತ್ತುಮಾಡಿದ ಬಿಡುಗಡೆಯ ದಿನ, ನೀವು ಆರಿಸಿಕೊಂಡ ಊರಿನ ಪರದೆಗೆ ಬಂದ ದಿನ ಎಲ್ಲ ಬೇರೆಬೇರೆ. ನಿರ್ದೇಶಕ ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ ಲಾಸ್ ಏಂಜಲೀಸಿನ ಕ್ಲೂನ್ಸ್ ಆಡಿಟೋರಿಯಂನಲ್ಲಿ 1915ರ ಫೆಬ್ರುವರಿ 8ರಂದು ‘ದಿ ಕ್ಲ್ಯಾನ್ಸ್‌ಮನ್’ ಎಂಬ ಹೆಸರಿನಲ್ಲಿ ತೆರೆಕಂಡಿತು. ನ್ಯೂಯಾರ್ಕಿನ ಲಿಬರ್ಟಿ ಥಿಯೇಟರಿಗೆ ಬಂದದ್ದು ಮಾರ್ಚ್ 3ಕ್ಕೆ, ಹೊಸ ಹೆಸರಿನಲ್ಲಿ. ಎರಡೂ ಸರಿ. ತಪ್ಪಾಗುವುದು ಬರಿಯ ‘ಬಿಡುಗಡೆ’ ಎಂದು ಬರೆದು ಯಾವುದೆಂದು ಹೇಳದೆ ಬಿಟ್ಟಾಗ. ನಿಮ್ಮ ಪಟ್ಟಿಯಲ್ಲಿ ನಾಲ್ಕೂ ತಾರೀಖಿಗೆ ನಾಲ್ಕು ಅಂಕಣ ಇಟ್ಟುಕೊಳ್ಳಿ. ಪೂರ್ಣಪ್ರಮಾಣದ ಚಿತ್ರಗಳಿಗೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕ್ಯಾಟಲಾಗ್ ಉಚಿತವಾಗಿ ಸಿಗುತ್ತದೆ. ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೂ ಅದು ಕ್ಯಾಟಲಾಗ್, ಮೂಲವಲ್ಲ. ನೀವು ಭಾರ ಹಾಕಿ ನಿಲ್ಲುವ ಪ್ರತಿ ತಾರೀಖನ್ನೂ ಅಂದಿನ ಪತ್ರಿಕೆಯೊಂದಿಗೆ ತಾಳೆ ನೋಡಬೇಕು.

ಅವಧಿಯ ಗೊಂದಲ ಇನ್ನೂ ಸರಳ. ಮೂಕಿ ಕಾಲದಲ್ಲಿ ಚಿತ್ರದ ಉದ್ದ ಹೇಳುತ್ತಿದ್ದದ್ದು ನಿಮಿಷದಲ್ಲಲ್ಲ, ಅಡಿ ಮತ್ತು ರೀಲಿನಲ್ಲಿ. 35 ಎಂ.ಎಂ. ಫಿಲಂನ ಒಂದು ಅಡಿಯಲ್ಲಿ 16 ಫ್ರೇಮು. 1,000 ಅಡಿಯ ರೀಲು ಸೆಕೆಂಡಿಗೆ 16 ಫ್ರೇಮಿನ ವೇಗದಲ್ಲಿ 16 ನಿಮಿಷ 40 ಸೆಕೆಂಡು ಓಡುತ್ತದೆ, 20ರಲ್ಲಿ 13 ನಿಮಿಷ 20 ಸೆಕೆಂಡು, 24ರಲ್ಲಿ 11 ನಿಮಿಷ 7 ಸೆಕೆಂಡು. 24 ಎಂಬುದು ಧ್ವನಿ ಬಂದ ಮೇಲೆ ಗಟ್ಟಿಯಾದ ವೇಗ. ಅದಕ್ಕೆ ಮೊದಲು ಕ್ಯಾಮೆರಾದ ಹಿಡಿ ತಿರುಗಿಸುವವನ ಕೈ, ಪ್ರೊಜೆಕ್ಟರ್ ನಡೆಸುವವನ ಅವಸರ ಎರಡೂ ಸೇರಿ ವೇಗ ನಿರ್ಧಾರವಾಗುತ್ತಿತ್ತು. 6,500 ಅಡಿಯ ಚಿತ್ರ 18 ಫ್ರೇಮಿನಲ್ಲಿ ಸುಮಾರು 96 ನಿಮಿಷ, 24ರಲ್ಲಿ 72. ಡಿವಿಡಿಯ ಹಿಂದೆ 72 ಎಂದಿರುವುದನ್ನು, ಇನ್ನೆಲ್ಲೋ 96 ಎಂದಿರುವುದನ್ನು ನೋಡಿ ‘24 ನಿಮಿಷದ ದೃಶ್ಯಗಳು ಕಳೆದುಹೋಗಿವೆ’ ಎಂದು ಬರೆದವರಿದ್ದಾರೆ. ಅಡಿಯನ್ನು ಬರೆದುಕೊಳ್ಳಿ, ಫ್ರೇಮಿನ ವೇಗ ಗೊತ್ತಿದ್ದರೆ ಅದನ್ನೂ. ನಿಮಿಷವನ್ನು ನೀವೇ ಲೆಕ್ಕ ಹಾಕಿ: ಅಡಿಯನ್ನು 16ರಿಂದ ಗುಣಿಸಿ, ವೇಗದಿಂದ ಭಾಗಿಸಿ, ಬಂದದ್ದನ್ನು 60ರಿಂದ ಭಾಗಿಸಿದರೆ ಆಯಿತು.

ಚಿತ್ರವನ್ನೇ ಕಣ್ಣಾರೆ ನೋಡಿದೆ, ಅದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ಅನ್ನಿಸುತ್ತದೆ. ಅಲ್ಲೇ ಹೆಚ್ಚು ಜನ ಜಾರುವುದು. ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ ತೆಗೆದ ‘ಲೈಫ್ ಆಫ್ ಎನ್ ಅಮೆರಿಕನ್ ಫೈರ್‌ಮನ್’ 1903ರ ಜನವರಿಯಲ್ಲಿ ಬಂತು. ಉರಿಯುವ ಮನೆಯಿಂದ ತಾಯಿ, ಮಗುವನ್ನು ಅಗ್ನಿಶಾಮಕ ದಳದವರು ಇಳಿಸುವ ಕಥೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಸೇರಿದ ಒಂದು ಪ್ರಿಂಟಿನಲ್ಲಿ ಕ್ಯಾಮೆರಾ ಕೋಣೆಯ ಒಳಗೆ, ಆಮೇಲೆ ಹೊರಗೆ, ಮತ್ತೆ ಒಳಗೆ ಎಂದು ಜಿಗಿಯುತ್ತದೆ. ಒಂದೇ ಘಟನೆಯನ್ನು ಎರಡು ಕಡೆಯಿಂದ ಹೆಣೆದು ತೋರಿಸುವ ಸಂಕಲನ 1903ರಲ್ಲೇ ಹುಟ್ಟಿತು, ಅದರ ಜನಕ ಪೋರ್ಟರ್ ಎಂದು ಎಷ್ಟೋ ಪುಸ್ತಕಗಳು ಬರೆದವು. ಆದರೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪ್ರತಿ ಬೇರೆ ಮಾತು ಹೇಳುತ್ತದೆ. 1912ರ ಆಗಸ್ಟಿನಲ್ಲಿ ಕಾನೂನು ತಿದ್ದುಪಡಿ ಆಗುವವರೆಗೂ ಸಿನಿಮಾಕ್ಕೆಂದು ಪ್ರತ್ಯೇಕ ಹಕ್ಕುಸ್ವಾಮ್ಯ ಇರಲಿಲ್ಲ. ಹಾಗಾಗಿ ಕಂಪನಿಗಳು ಫ್ರೇಮುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯ ಮೇಲೆ ಫೋಟೋದಂತೆ ಅಚ್ಚಿಳಿಸಿ, ಫೋಟೋ ಎಂದೇ ನೋಂದಾಯಿಸುತ್ತಿದ್ದವು. ಫಿಲಂ ಹೋಯಿತು, ಕಾಗದ ಉಳಿಯಿತು. ಅಂಥ 3,000ಕ್ಕೂ ಹೆಚ್ಚು ಶೀರ್ಷಿಕೆಗಳು ಲೈಬ್ರರಿಯಲ್ಲಿವೆ, ಬಹಳಷ್ಟನ್ನು ಈಗ ಮನೆಯಲ್ಲೇ ನೋಡಬಹುದು. ಆ ಕಾಗದದ ಪ್ರತಿಯಲ್ಲಿ ಮೊದಲು ಕೋಣೆಯ ಒಳಗಿನಿಂದ ಇಡೀ ಘಟನೆ ನಡೆಯುತ್ತದೆ: ದಳದವನು ಬಾಗಿಲಿಂದ ನುಗ್ಗುತ್ತಾನೆ, ಕಿಟಕಿ ಒಡೆಯುತ್ತಾನೆ, ತಾಯಿಯನ್ನು ಹೊತ್ತು ಇಳಿಯುತ್ತಾನೆ, ತಿರುಗಿ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಮುಂದಿನ ಶಾಟಿನಲ್ಲಿ ಅದೇ ಘಟನೆ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ, ಈ ಸಲ ಬೀದಿಯಿಂದ. ಹೆಣೆದದ್ದು ಪೋರ್ಟರ್ ಅಲ್ಲ, ಎಷ್ಟೋ ವರ್ಷದ ನಂತರ ಯಾರೋ ಕತ್ತರಿ ಹಾಕಿದವರು. ಅಂದಿನ ಪ್ರೇಕ್ಷಕರಿಗೆ ಈ ಪುನರಾವರ್ತನೆ ಸಹಜವಾಗಿತ್ತು, ನಮ್ಮ ಕಣ್ಣಿಗೆ ಅದು ತಪ್ಪಿನಂತೆ ಕಂಡಿತು, ಹಾಗಾಗಿ ‘ಸರಿಪಡಿಸಿದ’ ಪ್ರತಿಯೇ ಮೂಲ ಎಂದು ನಂಬಲು ಸುಲಭವಾಯಿತು.

ಮೇಲೆ ಹೇಳಿದ ‘ದಿ ಚೀಟ್’ ಕೂಡ ಇಂಥದ್ದೇ. ನಿರ್ದೇಶಕ ಡೆಮಿಲ್‌ನ ಈ ಚಿತ್ರ 1915ರಲ್ಲಿ ಬಂದಾಗ ಖಳ ಜಪಾನಿ ವ್ಯಾಪಾರಿ. ಜಪಾನೀ ಅಮೆರಿಕನ್ನರು ಪ್ರತಿಭಟಿಸಿದರು. ಮೊದಲ ಮಹಾಯುದ್ಧದಲ್ಲಿ ಜಪಾನ್ ಮಿತ್ರಪಕ್ಷದಲ್ಲಿತ್ತು ಬೇರೆ. 1918ರ ಮರುಬಿಡುಗಡೆಯಲ್ಲಿ ಟೈಟಲ್ ಕಾರ್ಡುಗಳನ್ನು, ಅಂದರೆ ದೃಶ್ಯಗಳ ನಡುವೆ ಪರದೆಯ ಮೇಲೆ ಬರುವ ಬರಹಗಳನ್ನು, ಬದಲಿಸಿ ಅವನನ್ನು ಬರ್ಮಾದ ದಂತದ ದೊರೆ ಮಾಡಿದರು. ಇವತ್ತು ನೋಡಲು ಸಿಗುವುದು ಈ ಎರಡನೆಯ ರೂಪ. ಅದನ್ನು ನೋಡಿ 1915ರ ಅಮೆರಿಕ ಬರ್ಮಾದವರನ್ನು ಹೇಗೆ ಕಂಡಿತು ಎಂದು ಪುಟ ತುಂಬಿಸಿದರೆ ಎಲ್ಲವೂ ವ್ಯರ್ಥ. ಯಾವುದೇ ಪ್ರಿಂಟಿನ ಬಗ್ಗೆ ಬರೆಯುವಾಗ ಅದು ಯಾವ ಸಂಗ್ರಹದ್ದು, ಯಾವ ಬಿಡುಗಡೆಯದ್ದು, ಟೈಟಲ್ ಕಾರ್ಡುಗಳು ಅಂದಿನವೋ ಆಮೇಲೆ ಸೇರಿಸಿದವೋ ಎಂದು ಟಿಪ್ಪಣಿಯಲ್ಲಿ ಹೇಳಿ. ಯೂಟ್ಯೂಬಿನಲ್ಲಿ ನೋಡಿದ್ದರೆ ಇದು ಗೊತ್ತಾಗುವುದೇ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಅಥವಾ ನ್ಯಾಷನಲ್ ಫಿಲ್ಮ್ ಪ್ರಿಸರ್ವೇಷನ್ ಫೌಂಡೇಷನ್ ತಾಣದ ಪ್ರತಿಯನ್ನು ನೋಡುವುದು ಅದಕ್ಕೇ.

1912ರ ನಂತರದ ಚಿತ್ರ ಕಳೆದುಹೋಗಿದ್ದರೆ ಹಕ್ಕುಸ್ವಾಮ್ಯ ಕಚೇರಿಯ ವಿವರಣೆಗಳ ಸಂಗ್ರಹ ನೋಡಿ. ಕಾನೂನು ಬದಲಾದ ಮೇಲೆ ಕಚೇರಿ ಬೆಂಕಿಗೆ ಹೆದರಿ ನೈಟ್ರೇಟ್ ಪ್ರಿಂಟುಗಳನ್ನು ವಾಪಸು ಕೊಟ್ಟು, ಕಥಾಸಾರ ಮತ್ತು ಪ್ರಚಾರ ಪುಸ್ತಿಕೆಗಳನ್ನು ಮಾತ್ರ ಇಟ್ಟುಕೊಂಡಿತು. ಲೈಬ್ರರಿ ಈಗ ಅವನ್ನು ಸ್ಕ್ಯಾನ್ ಮಾಡಿದೆ. ಒಂದು ತೊಡಕಿದೆ: ಕಥಾಸಾರವನ್ನು ಅಂತಿಮ ಸಂಕಲನಕ್ಕೆ ಮೊದಲೇ ಬರೆದಿರಬಹುದು. ಕ್ಲೈಮ್ಯಾಕ್ಸ್ ಕಥಾಸಾರದಲ್ಲಿ ಒಂದು ತರಹ, ವೆರೈಟಿ ವಿಮರ್ಶೆಯಲ್ಲಿ ಇನ್ನೊಂದು ತರಹ ಇದ್ದರೆ ಪರದೆಯ ಮೇಲೆ ಬಂದದ್ದು ಎರಡನೆಯದಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಎಲ್ಲರೂ ಹೇಳುವ, ಯಾರೂ ಒರೆಗೆ ಹಚ್ಚದ ಕಥೆಗಳು. ಒಂದನ್ನು ಬಿಡಿಸಿ ನೋಡೋಣ, ವಿಧಾನ ಸ್ಪಷ್ಟವಾಗುತ್ತದೆ. ‘ಎಡಿಸನ್‌ನ ಟ್ರಸ್ಟ್ ಕಾಟ ತಾಳಲಾರದೆ ಸ್ವತಂತ್ರ ನಿರ್ಮಾಪಕರು ನ್ಯೂಯಾರ್ಕ್ ಬಿಟ್ಟು ಹಾಲಿವುಡ್‌ಗೆ ಓಡಿದರು, ಪತ್ತೇದಾರರು ಬಂದರೆ ಮೆಕ್ಸಿಕೋ ಗಡಿ ದಾಟಬಹುದಿತ್ತು.’ ಇದನ್ನು ಮೂರು ತುಂಡು ಮಾಡಿ: ಟ್ರಸ್ಟ್ ಯಾರದು, ಕ್ಯಾಲಿಫೋರ್ನಿಯಾಕ್ಕೆ ಯಾರು ಯಾವಾಗ ಬಂದರು, ಗಡಿ ಎಷ್ಟು ದೂರ. ಟ್ರಸ್ಟ್ ಅಂದರೆ ಕಂಪನಿಗಳು ತಮ್ಮ ಪೇಟೆಂಟುಗಳನ್ನು ಒಟ್ಟುಹಾಕಿ 1908ರ ಡಿಸೆಂಬರಿನಲ್ಲಿ ಹುಟ್ಟುಹಾಕಿದ ಮೋಷನ್ ಪಿಕ್ಚರ್ ಪೇಟೆಂಟ್ಸ್ ಕಂಪನಿ. ಎಡಿಸನ್, ಬಯೋಗ್ರಾಫ್, ವೈಟಾಗ್ರಾಫ್, ಎಸ್ಸನೇ, ಕೇಲಂ, ಸೆಲಿಗ್, ಲೂಬಿನ್, ಪಾಥೆ ಅದರ ಸದಸ್ಯರು. ಈಗ ಬಂದವರ ಪಟ್ಟಿ: ಲಾಸ್ ಏಂಜಲೀಸಿನ ಎಡೆನ್‌ಡೇಲಿನಲ್ಲಿ 1909ರಲ್ಲಿ ನೆಲೆಯೂರಿದ ಸೆಲಿಗ್ ಟ್ರಸ್ಟಿನ ಸದಸ್ಯ. 1910ರ ಜನವರಿಯಲ್ಲಿ ಗ್ರಿಫಿತ್‌ನ ತಂಡ ಕಳಿಸಿದ ಬಯೋಗ್ರಾಫ್ ಕೂಡ ಸದಸ್ಯ. ಸ್ವತಂತ್ರರಲ್ಲಿ ಬೈಸನ್ ಚಿತ್ರಗಳ ಕಂಪನಿ 1909ರ ಕೊನೆಗೆ ಬಂತು. ಹಾಲಿವುಡ್‌ನೊಳಗೆ ಮೊದಲ ಸ್ಟುಡಿಯೋ ತೆರೆದ ನೆಸ್ಟರ್ ಬಂದದ್ದು 1911ರ ಅಕ್ಟೋಬರಿನಲ್ಲಿ. ಬೇಟೆಗಾರನೂ ಬೇಟೆಯೂ ಒಂದೇ ರೈಲಿನಲ್ಲಿ ಬಂದರೆ ಅದನ್ನು ಓಡಿಹೋಗುವುದು ಎನ್ನಲಾಗದು. ಮೆಕ್ಸಿಕೋ ಗಡಿ ಅಲ್ಲಿಂದ 200 ಕಿಲೋಮೀಟರಿಗೂ ದೂರ. ಅಂದಿನ ಮೋಟಾರು, ಅಂದಿನ ರಸ್ತೆ ನೆನಪಿಸಿಕೊಳ್ಳಿ. ಉಳಿಯುವ ಕಾರಣ ಬಿಸಿಲು. ಅಂದಿನ ಫಿಲಂಗೆ ಬೆಳಕು ಹೆಚ್ಚು ಬೇಕಿತ್ತು, ಬಹಳಷ್ಟು ಚಿತ್ರೀಕರಣ ತೆರೆದ ವೇದಿಕೆಯಲ್ಲಿ ನಡೆಯುತ್ತಿತ್ತು, ಪೂರ್ವದ ಚಳಿಗಾಲದಲ್ಲಿ ವಾರಗಟ್ಟಲೆ ಕೆಲಸ ನಿಲ್ಲುತ್ತಿತ್ತು. ಬೆಟ್ಟ, ಮರುಭೂಮಿ, ಸಮುದ್ರ ಒಂದು ದಿನದ ಪ್ರಯಾಣದೊಳಗೆ ಸಿಗುತ್ತಿದ್ದವು. ಟ್ರಸ್ಟ್ ಮೊಕದ್ದಮೆ ಹೂಡಿ ಕಾಡಿದ್ದು ನಿಜ. 1915ರ ಅಕ್ಟೋಬರಿನಲ್ಲಿ ಫೆಡರಲ್ ಕೋರ್ಟು ಅದನ್ನು ಕಾನೂನುಬಾಹಿರ ಎಂದದ್ದೂ ನಿಜ. ಆದರೆ ಆ ಎರಡು ನಿಜದಿಂದ ಮೂರನೆಯ ಕಥೆ ತಾನಾಗಿ ಹುಟ್ಟುವುದಿಲ್ಲ.

ಗ್ರಿಫಿತ್ ಕ್ಲೋಸಪ್ ಕಂಡುಹಿಡಿದ ಎಂಬ ಮಾತಿಗೆ ಹುಟ್ಟಿದ ದಿನವೇ ಇದೆ: 1913ರ ಡಿಸೆಂಬರ್ 3. ಬಯೋಗ್ರಾಫ್ ಬಿಟ್ಟು ಹೊಸ ಕೆಲಸಕ್ಕೆ ಹೊರಟಿದ್ದ ಅವನ ಪರವಾಗಿ ನ್ಯೂಯಾರ್ಕ್ ಡ್ರಮ್ಯಾಟಿಕ್ ಮಿರರ್‌ನಲ್ಲಿ ಒಂದು ಪೂರ್ಣಪುಟದ ಜಾಹೀರಾತು ಬಂತು, ಕ್ಲೋಸಪ್, ಫೇಡ್‌ಔಟ್ ಇತ್ಯಾದಿಗಳೆಲ್ಲ ಅವನದೇ ಕೊಡುಗೆ ಎಂದು. ಪೋರ್ಟರ್‌ನ 1903ರ ‘ದಿ ಗೇ ಶೂ ಕ್ಲರ್ಕ್’ ಕಾಗದದ ಪ್ರತಿಗಳ ಸಂಗ್ರಹದಲ್ಲಿದೆ, ಅದರಲ್ಲಿ ಹುಡುಗಿಯ ಪಾದದ ಕ್ಲೋಸಪ್ ಇದೆ. ಜಾಹೀರಾತನ್ನು ಯಾರೋ ಪುಸ್ತಕಕ್ಕೆ ಎತ್ತಿಕೊಂಡರು, ಆ ಪುಸ್ತಕವನ್ನು ಮುಂದಿನವರು ಉಲ್ಲೇಖಿಸಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ‘ದಿ ಬರ್ತ್ ಆಫ್ ಎ ನೇಷನ್’ ನೋಡಿ ಮಿಂಚಿನಿಂದ ಇತಿಹಾಸ ಬರೆದಂತಿದೆ ಎಂದನಂತೆ ಎಂಬ ಮಾತೂ ಹಾಗೇ. 1915ರ ಫೆಬ್ರುವರಿ 18ರಂದು ವೈಟ್‌ಹೌಸಿನಲ್ಲಿ ಪ್ರದರ್ಶನ ನಡೆದದ್ದಕ್ಕೆ ದಾಖಲೆ ಇದೆ. ಆ ಮಾತು ಮಾತ್ರ ಮೊದಲು ಅಚ್ಚಾಗಿ ಕಾಣುವುದು 1937ರಲ್ಲಿ. ಚಿತ್ರ ಕೂ ಕ್ಲಕ್ಸ್ ಕ್ಲ್ಯಾನ್ ಎಂಬ ಬಿಳಿಯರ ಗುಪ್ತ ಸಂಘದ ಹಂತಕರನ್ನು ವೀರರನ್ನಾಗಿ ತೋರಿಸಿದ್ದು, ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಅದರ ವಿರುದ್ಧ ಊರೂರಲ್ಲಿ ಹೋರಾಡಿದ್ದು ಎಲ್ಲಕ್ಕೂ ಸಮಕಾಲೀನ ಸಾಕ್ಷಿ ರಾಶಿರಾಶಿ ಇರುವಾಗ, 22 ವರ್ಷ ತಡವಾಗಿ ಬಂದ ಒಂದು ವಾಕ್ಯದ ಮೇಲೆ ಅಧ್ಯಾಯ ಶುರು ಮಾಡುವ ಅಗತ್ಯವಿಲ್ಲ. ಯಾವ ಹೇಳಿಕೆಯೇ ಆಗಲಿ, ಅತಿ ಹಳೆಯ ಅಚ್ಚು ಯಾವುದು ಎಂದು ಹಿಂದಕ್ಕೆ ನಡೆಯುತ್ತ ಹೋಗಿ. ನಟನಟಿಯರ ಆತ್ಮಕಥೆಗಳಿಗಂತೂ ಇದು ಕಡ್ಡಾಯ.

ಹಣದ ವಿಷಯದಲ್ಲಿ ಚಿಕ್ಕದಾಗಿ: ಟಿಕೆಟ್ ಮಾರಾಟದ ಒಟ್ಟು ಮೊತ್ತ ಬೇರೆ, ಚಿತ್ರಮಂದಿರ ತನ್ನ ಪಾಲು ಇಟ್ಟುಕೊಂಡು ವಿತರಕನಿಗೆ ಕೊಟ್ಟ ಬಾಡಿಗೆ ಬೇರೆ. ಪತ್ರಿಕೆಗಳು ಎರಡನ್ನೂ ಬೆರೆಸಿವೆ. ಎಂಜಿಎಂಗೆ 1924ರಿಂದಾಚೆಗೆ ಅದರ ಅಧಿಕಾರಿ ಎಡ್ಡಿ ಮ್ಯಾನಿಕ್ಸ್ ಹೆಸರಿನ ಲೆಕ್ಕದ ಪುಸ್ತಕ ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಲೈಬ್ರರಿಯಲ್ಲಿದೆ, ವಿದ್ವಾಂಸರು ಅದರ ಅಂಕಿಗಳನ್ನು ಬಳಸುತ್ತಾರೆ. ಅದಕ್ಕೆ ಹಿಂದಿನ ‘ಕೋಟಿ ಡಾಲರ್ ಗಳಿಕೆ’ ಎಂಬುದೆಲ್ಲ ಬಹುಪಾಲು ಜಾಹೀರಾತಿನ ಅಂಕಿ. ಕೊಡಲೇಬೇಕಾದರೆ ‘ಎಂದು ಕಂಪನಿ ಹೇಳಿಕೊಂಡಿತು’ ಎಂದು ಸೇರಿಸಿ.

ಉದ್ಯಮದ ಪತ್ರಿಕೆಗಳ ಕಣ್ಣಿಗೆ ಬೀಳದ ಜಗತ್ತೂ ಒಂದಿತ್ತು. ಕಪ್ಪು ನಿರ್ದೇಶಕ ಆಸ್ಕರ್ ಮಿಶೋ 1919ರಿಂದ ಕಪ್ಪು ಪ್ರೇಕ್ಷಕರಿಗಾಗಿ ಚಿತ್ರ ಮಾಡಿದ. ಮೂವಿಂಗ್ ಪಿಕ್ಚರ್ ವರ್ಲ್ಡ್ ಮಾತ್ರ ಓದಿದವರಿಗೆ ಅವನು ಹೆಚ್ಚುಕಡಿಮೆ ಇರಲೇ ಇಲ್ಲ. ಅವನನ್ನು ಹುಡುಕಬೇಕಾದದ್ದು ಷಿಕಾಗೋ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ಮತ್ತು ಸೆನ್ಸಾರ್ ಕಡತಗಳಲ್ಲಿ. ಅವನ 1920ರ ‘ವಿದಿನ್ ಅವರ್ ಗೇಟ್ಸ್’ ಕಳೆದುಹೋಗಿತ್ತು. ಸ್ಪೇನಿನ ಚಿತ್ರಸಂಗ್ರಹಾಲಯ ಫಿಲ್ಮೊಟೆಕಾದಲ್ಲಿ ‘ಲಾ ನೆಗ್ರಾ’ ಎಂಬ ಹೆಸರಿನಲ್ಲಿ ಒಂದು ಪ್ರಿಂಟು ಸಿಕ್ಕಿ, ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಅದನ್ನು ಮತ್ತೆ ರೂಪಿಸಿತು. ಟೈಟಲ್ ಕಾರ್ಡುಗಳಲ್ಲಿ ಬಹುಪಾಲು ಸ್ಪ್ಯಾನಿಷ್‌ನಿಂದ ಹಿಂದಕ್ಕೆ ಅನುವಾದಿಸಿದವು. ಅವನ್ನು ಮಿಶೋನ ಮಾತೆಂದು ಉದ್ಧರಿಸುವಂತಿಲ್ಲ. ಸೆನ್ಸಾರ್ ಕಡತಕ್ಕೆ ಆಲ್ಬನಿಯ ನ್ಯೂಯಾರ್ಕ್ ಸ್ಟೇಟ್ ಆರ್ಕೈವ್ಸ್ ಚಿನ್ನದ ಗಣಿ: 1921ರಿಂದ 1965ರವರೆಗೆ ರಾಜ್ಯದಲ್ಲಿ ಪರವಾನಗಿ ಕೇಳಿದ ಚಿತ್ರಗಳ 50 ಸಾವಿರಕ್ಕೂ ಹೆಚ್ಚು ಸ್ಕ್ರಿಪ್ಟುಗಳು ಅಲ್ಲಿವೆ. ಯಾವ ದೃಶ್ಯ ಕತ್ತರಿಸಲು ಹೇಳಿದರು ಎಂಬುದೂ ಎಷ್ಟೋ ಕಡತಗಳಲ್ಲಿದೆ. ಇಮೇಲ್ ಬರೆಯುವಾಗ ‘ಮೂಕಿ ಚಿತ್ರಗಳ ಬಗ್ಗೆ ಏನಿದೆ’ ಎಂದು ಕೇಳಬೇಡಿ. ಚಿತ್ರದ ಹೆಸರು, ವರ್ಷ, ಕಂಪನಿ, ಬೇಕಾದ ಕಾಗದ ಯಾವುದು ಎಂದು ನಾಲ್ಕು ಸಾಲಿನಲ್ಲಿ ಕೇಳಿ, ಸ್ಕ್ಯಾನ್ ಶುಲ್ಕ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ. ಮಹಿಳಾ ನಿರ್ದೇಶಕರು, ಸಂಕಲನಕಾರರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ವಿಮೆನ್ ಫಿಲ್ಮ್ ಪಯನಿಯರ್ಸ್ ಪ್ರಾಜೆಕ್ಟ್ ಉಚಿತವಾಗಿದೆ.

ಚಿತ್ರಮಂದಿರಗಳ ಚರಿತ್ರೆ ಬರೆಯುವುದಾದರೆ ಒಂದು ಹಳೆಯ ಜಗಳ ತಿಳಿದಿರಲಿ. ನಿಕಲೋಡಿಯನ್ ಎಂಬ ಐದು ಸೆಂಟಿನ ಸಣ್ಣ ಚಿತ್ರಮಂದಿರಗಳು ಬಡ ವಲಸಿಗರ ಮನರಂಜನೆ ಎಂಬ ನಂಬಿಕೆಯನ್ನು ಚರಿತ್ರೆಕಾರ ರಾಬರ್ಟ್ ಅಲೆನ್ 1979ರಲ್ಲಿ ಪ್ರಶ್ನಿಸಿದರು. 1908ರ ಟ್ರೋ ವ್ಯಾಪಾರ ಡೈರೆಕ್ಟರಿಯಲ್ಲಿದ್ದ ಮ್ಯಾನ್‌ಹ್ಯಾಟನ್ ವಿಳಾಸಗಳನ್ನು ನಕ್ಷೆಯ ಮೇಲಿಟ್ಟು, ಮಧ್ಯಮ ವರ್ಗವೂ ಇತ್ತು ಎಂದರು. 1995ರಲ್ಲಿ ಬೆನ್ ಸಿಂಗರ್ ಆ ಡೈರೆಕ್ಟರಿಯಲ್ಲಿ ಬಿಟ್ಟುಹೋದ ವಿಳಾಸಗಳನ್ನು ಬೇರೆ ಪಟ್ಟಿಗಳಿಂದ ಸೇರಿಸಿ ವಲಸಿಗರ ಕೇರಿಗಳ ಕಡೆಗೆ ತಕ್ಕಡಿಯನ್ನು ಮತ್ತೆ ವಾಲಿಸಿದರು. ಡೈರೆಕ್ಟರಿ ಹುಟ್ಟಿದ್ದು ವ್ಯಾಪಾರಿಗಳಿಗಾಗಿ, ಆರು ತಿಂಗಳು ನಡೆದು ಮುಚ್ಚಿದ ಸಣ್ಣ ಅಂಗಡಿ-ಥಿಯೇಟರು ಅದಕ್ಕೆ ಸೇರುವುದೇ ಅಪರೂಪ. ನೀವು ಆರಿಸಿಕೊಂಡ ಊರಿಗೆ ಡೈರೆಕ್ಟರಿ ಜೊತೆಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕಾ ಎಂಬ ಆನ್‌ಲೈನ್ ಸಂಗ್ರಹದ ಹಳೆಯ ದಿನಪತ್ರಿಕೆಗಳನ್ನು, ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಗಳನ್ನು ಸೇರಿಸಿ. ನಕ್ಷೆಯಲ್ಲಿ ಒಂದು ಇಂಚಿಗೆ 50 ಅಡಿ. ಕಟ್ಟಡ ಇಟ್ಟಿಗೆಯದೋ ಮರದ್ದೋ ಬಣ್ಣದಿಂದಲೇ ಗೊತ್ತಾಗುತ್ತದೆ, ಥಿಯೇಟರನ್ನು ಗುರುತು ಮಾಡಿರುತ್ತಾರೆ.

ಟಿಪ್ಪಣಿ ಬರೆಯುವಾಗ ಪತ್ರಿಕೆಯ ಹೆಸರು, ಸಂಚಿಕೆಯ ತಾರೀಖು, ಅಚ್ಚಾದ ಪುಟಸಂಖ್ಯೆ, ಸ್ಕ್ಯಾನಿನ ಪುಟಸಂಖ್ಯೆ ನಾಲ್ಕನ್ನೂ ಹಾಕಿ. ಹಲವು ತಿಂಗಳ ಸಂಚಿಕೆಗಳನ್ನು ಒಂದೇ ಸಂಪುಟವಾಗಿ ಹೊಲಿದು ಸ್ಕ್ಯಾನ್ ಮಾಡಿರುವುದರಿಂದ ಎರಡು ಪುಟಸಂಖ್ಯೆ ಹೊಂದುವುದಿಲ್ಲ, ಆರು ತಿಂಗಳ ನಂತರ ಅದೇ ಪುಟ ಮತ್ತೆ ಸಿಗದೆ ತಲೆ ಕೆಡುತ್ತದೆ. ಹೆಸರುಗಳ ಇಂಗ್ಲಿಷ್ ಕಾಗುಣಿತದ ಪಟ್ಟಿಯೊಂದನ್ನು ಪುಸ್ತಕದ ಕೊನೆಗೆ ಕೊಡಿ, ಕನ್ನಡದಲ್ಲಿ ಮಾತ್ರ ಓದಿದವರಿಗೆ ಮಿಶೋನನ್ನು ಹುಡುಕಲು ದಾರಿ ಇರುವುದಿಲ್ಲ.

ಕನ್ನಡದಲ್ಲಿ ಬರೆಯುತ್ತೀರಾದ್ದರಿಂದ ಅಮೆರಿಕದವರಿಗೆ ಸುಲಭವಾಗಿ ದಕ್ಕದ ಎರಡು ವಿಷಯ ನಿಮ್ಮ ಹತ್ತಿರದಲ್ಲೇ ಇವೆ. ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಇಂಡಿಯನ್ ಸಿನೆಮಟೋಗ್ರಾಫ್ ಸಮಿತಿ 1927–28ರಲ್ಲಿ ದೇಶ ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಅಮೆರಿಕದ ಚಿತ್ರಗಳು ಇಲ್ಲಿನ ಪರದೆಗಳನ್ನು ತುಂಬಿದ್ದು ಬ್ರಿಟಿಷರಿಗೆ ತಲೆನೋವಾಗಿತ್ತು. ವಿತರಕರು, ಚಿತ್ರಮಂದಿರದವರು, ಅಧಿಕಾರಿಗಳು ಪ್ರಶ್ನೆಗೆ ಕೊಟ್ಟ ಉತ್ತರಗಳು ಸಂಪುಟಗಳಾಗಿ ಅಚ್ಚಾಗಿವೆ. ಹಾಲಿವುಡ್ ಇಲ್ಲಿ ಹೇಗೆ ವ್ಯಾಪಾರ ಮಾಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರ ಇಲ್ಲ. ಸಾಮ್ರಾಜ್ಯದ ಚಿತ್ರಗಳಿಗೆ ವಿಶೇಷ ಆದ್ಯತೆ ಕೊಡುವುದನ್ನು ಸಮಿತಿ ಒಪ್ಪಲಿಲ್ಲ. ಎರಡನೆಯದು ಮೂಕಿ ಕಾಲ ದಾಟಿದ ವಿಷಯ: ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. 1937ರ ಬ್ರಿಟಿಷ್ ಚಿತ್ರದಿಂದ ಹೆಸರಾಗಿ, ಆಮೇಲೆ ಯೂನಿವರ್ಸಲ್‌ನ ತಾರೆಯಾಗಿ, 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಅವರ ವಾಯುದಳದಲ್ಲಿ ಯುದ್ಧ ಮಾಡಿ ಬಂದವನು. ಅವನ ಪೂರ್ಣ ಹೆಸರನ್ನೇ ಪುಸ್ತಕಗಳು ಬೇರೆಬೇರೆ ಕೊಡುತ್ತವೆ. ಅವನ ಹೆಸರಿಗೆ ಸೇರಿಸುವ ‘ದಸ್ತಗೀರ್’ ಅವನದಲ್ಲ, ಅಣ್ಣನದು ಎನ್ನುವವರಿದ್ದಾರೆ. ಅಮೆರಿಕದ ಪೌರತ್ವ, ಸೈನ್ಯದ ಕಾಗದಗಳನ್ನು ಮೈಸೂರು ಅರಮನೆಯ ಗಜಶಾಲೆಯ ಹಳೆಯ ಲೆಕ್ಕಪತ್ರಗಳ ಜೊತೆ ತಾಳೆ ನೋಡುವ ಕೆಲಸ ಕನ್ನಡ ಓದಬಲ್ಲವರಿಗೇ ಸರಿ.

ಕೊನೆಗೆ, ಪುಸ್ತಕದಲ್ಲಿ ಹಾಕುವ ಚಿತ್ರಗಳು ಮತ್ತು ಅವುಗಳ ಹಕ್ಕು. ಅಮೆರಿಕದಲ್ಲಿ ಪ್ರಕಟವಾದ ವರ್ಷಕ್ಕೆ 95 ಸೇರಿಸಿ. ಅದರ ಮುಂದಿನ ಜನವರಿ 1ರಿಂದ ಅಲ್ಲಿ ಮುಕ್ತ. 1927ರ ಚಿತ್ರ ಮುಕ್ತವಾದದ್ದು 2023ರ ಜನವರಿ 1ಕ್ಕೆ. ಭಾರತದ ಕಾನೂನಿನಲ್ಲಿ ಸಿನಿಮಾಕ್ಕೆ ಪ್ರಕಟವಾದಾಗಿನಿಂದ 60 ವರ್ಷ. ಆದರೆ ಇತ್ತೀಚಿನ ಪುನರುದ್ಧಾರಕ್ಕೆ ಸೇರಿಸಿದ ಸಂಗೀತಕ್ಕೆ ಅದರದೇ ಹಕ್ಕಿರುತ್ತದೆ, ಆದ್ದರಿಂದ ಚಿತ್ರದ ತುಣುಕನ್ನು ಎಲ್ಲಾದರೂ ಹಾಕುವುದಾದರೆ ಧ್ವನಿ ತೆಗೆದು ಹಾಕಿ. ಹಳೆಯ ಪತ್ರಿಕೆಯ ಜಾಹೀರಾತಿನ ಪುಟಗಳನ್ನು ಸ್ಕ್ಯಾನಿನ ದೊಡ್ಡ ಗಾತ್ರದಲ್ಲೇ ಇಳಿಸಿಕೊಳ್ಳಿ, ಕಿರಿದಾದ ಚಿತ್ರ ಅಚ್ಚಿನಲ್ಲಿ ಕೆಸರಾಗುತ್ತದೆ. ಪ್ರಕಾಶಕರಿಗೆ ಕೊಡುವಾಗ ಪ್ರತಿ ಚಿತ್ರದ ಜೊತೆ ಪತ್ರಿಕೆ, ತಾರೀಖು, ಪುಟ, ಇಳಿಸಿಕೊಂಡ ತಾಣ ಇಷ್ಟನ್ನೂ ಬರೆದ ಚೀಟಿ ಇರಲಿ.